ಕಂತು ಮುಗಿಯೋ ಮುಂಚೇನೇ ಹೊಸ ಫೋನ್ ಬೇಕಾ? ಅಮೆರಿಕದಲ್ಲಿರೋ ನಮ್ಮೋರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಬಂದ ವಾರ ನನಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತೆ, "ಇನ್ನೂ ಕಂತು ಕಟ್ತಾ ಇದೀನಿ, ಈಗ್ಲೇ ಅಪ್‌ಗ್ರೇಡ್ ಕೊಡ್ತಾರಾ, ನೀವು ಒಂದ್ಸಲ ಮಾಡ್ಸಿದ್ರಲ್ಲ" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನಾನಿರೋದು ಡಲ್ಲಾಸ್ ಹತ್ರ, ಹಾಗಾಗಿ ಟ್ಯಾಕ್ಸ್ ಲೆಕ್ಕ ಎಲ್ಲಾ ಟೆಕ್ಸಸ್‌ದು. ಪ್ಲಾನ್ ಹೆಸ್ರು, ರೇಟು ಇವರು ಆರಾರು ತಿಂಗಳಿಗೆ ಬದಲಾಯಿಸ್ತಾರೆ, ಆದ್ರೆ ಒಳಗಿನ ಲೆಕ್ಕ ಬದಲಾಗಲ್ಲ.

ಅರ್ಲಿ ಅಪ್‌ಗ್ರೇಡ್ ಅಂದ್ರೆ ಏನು?

ಈಗಿರೋ ಫೋನಿನ ಕಂತು ಪೂರ್ತಿ ತೀರೋ ಮುಂಚೆ ಅದೇ ಕಂಪನೀಲಿ, ಅದೇ ನಂಬರಿಗೆ, ಇನ್ನೊಂದು ಫೋನನ್ನ ಹೊಸ ಕಂತಿನ ಮೇಲೆ ತಗೊಳ್ಳೋದು. ಅಷ್ಟೇ. ಊರಲ್ಲಿ ಬಜಾಜ್ ಇಎಂಐ ಮೇಲೆ ಫೋನ್ ತಗೊಂಡ್ರೆ ಸಾಲ ಒಬ್ಬರದು ಸಿಮ್ ಇನ್ನೊಬ್ಬರದು, ಎರಡಕ್ಕೂ ಸಂಬಂಧ ಇಲ್ಲ. ಇಲ್ಲಿ ಸಾಲ ಕೊಟ್ಟೋನೂ ಅವನೇ, ಸಿಗ್ನಲ್ ಕೊಡೋನೂ ಅವನೇ, ಎಲ್ಲಾ ಗಂಟೂ ಅಲ್ಲೇ ಇರೋದು.

ಮೊದಲೆಲ್ಲಾ ಫೋನ್ ಮಾಡಿ ಸ್ವಲ್ಪ ಗೋಗರೆದ್ರೆ ಕೊಡ್ತಿದ್ರಂತೆ, ನಿಜಾನಾ?

ನಿಜ. ಆಗಿನ ಪದ್ಧತೀನೇ ಬೇರೆ. ಎರಡು ವರ್ಷದ ಕಾಂಟ್ರಾಕ್ಟ್ ಸೈನ್ ಮಾಡಿದ್ರೆ ಆರುನೂರು ಡಾಲರ್ ಫೋನು ಇನ್ನೂರಕ್ಕೆ ಸಿಗ್ತಿತ್ತು, ಮಿಕ್ಕಿದ್ದನ್ನ ಕಂಪನಿ ನಿಮ್ಮ ತಿಂಗಳ ಬಿಲ್ಲಲ್ಲಿ ಸದ್ದಿಲ್ಲದೆ ವಸೂಲಿ ಮಾಡ್ಕೊಳ್ತಿತ್ತು. "ನಿಮ್ಮ ಅಪ್‌ಗ್ರೇಡ್ ಡೇಟ್ ಇಂಥ ದಿನ" ಅಂತ ಕಂಪ್ಯೂಟರಲ್ಲಿ ಒಂದು ತಾರೀಖು ಇರ್ತಿತ್ತು, ಹಳೇ ಗಿರಾಕಿ ಅಂದ್ರೆ ಕಸ್ಟಮರ್ ಕೇರ್‌ನೋರು ಅದನ್ನ ಎರಡು ಮೂರು ತಿಂಗಳು ಹಿಂದಕ್ಕೆ ತಂದುಕೊಡ್ತಿದ್ರು.

2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ಬಂದಾಗ ಇದರ ದೊಡ್ಡ ಗಲಾಟೆನೇ ಆಯ್ತು. ಹೊಸಬರಿಗೆ 199 ಡಾಲರ್, ಹಿಂದಿನ ವರ್ಷ ತಾನೆ 3ಜಿ ತಗೊಂಡು ಕಾಂಟ್ರಾಕ್ಟಲ್ಲಿ ಸಿಕ್ಕೊಂಡಿದ್ದ ಹಳಬರಿಗೆ ಅದೇ ಫೋನು 399. ಜನ ರೊಚ್ಚಿಗೆದ್ರು, ಕೊನೆಗೆ ಎಟಿ ಅಂಡ್ ಟಿ ಅನ್ನೋ ಫೋನ್ ಕಂಪನಿ ಮಣಿದು, ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಯಾರ್ಯಾರಿಗೆ ಅರ್ಹತೆ ಬರ್ಬೇಕಿತ್ತೋ ಅವರಿಗೆಲ್ಲಾ ಆಗ್ಲೇ ಕಡಿಮೆ ರೇಟಿಗೆ ಕೊಡ್ತು. ಅಳೋ ಮಗೂಗೇ ಹಾಲು.

2013ರಲ್ಲಿ ಟಿ-ಮೊಬೈಲ್ ಅನ್ನೋ ಇನ್ನೊಂದು ಕಂಪನಿ ಕಾಂಟ್ರಾಕ್ಟ್ ಬಿಟ್ಟು ಕಂತಿನ ದಾರಿ ಹಿಡೀತು, ಅದೇ ವರ್ಷ ಜಂಪ್ ಅಂತ ಬೇಗ ಅಪ್‌ಗ್ರೇಡ್ ಮಾಡೋ ಸ್ಕೀಮು ತಂತು, ಬೆನ್ನಿಗೇ ಎಟಿ ಅಂಡ್ ಟಿಯ ನೆಕ್ಸ್ಟ್, ವೆರೈಜನ್ ಕಂಪನಿಯ ಎಡ್ಜ್ ಅನ್ನೋ ಸ್ಕೀಮುಗಳು ಬಂದವು. 2016ರ ಹೊತ್ತಿಗೆ ಎರಡು ವರ್ಷದ ಕಾಂಟ್ರಾಕ್ಟ್ ಹೆಚ್ಚುಕಮ್ಮಿ ಸತ್ತೇಹೋಯ್ತು. ಈಗ ಹಿಂದಕ್ಕೆ ತರೋಕೆ ತಾರೀಖೇ ಇಲ್ಲ, ಇರೋದು ಬಾಕಿ ಮೊತ್ತ. ಫೋನೆತ್ತಿದ ಹುಡುಗಿ ಎಷ್ಟೇ ಒಳ್ಳೆಯವಳಾದ್ರೂ ಆರುನೂರು ಡಾಲರ್ ಬಾಕೀನ ಅಳಿಸಿಹಾಕೋ ಅಧಿಕಾರ ಅವಳಿಗಿಲ್ಲ.

ನಂಗೆ ಫೋನ್ ಫ್ರೀ ಕೊಟ್ಟಿದ್ರು, ಈಗ ನೋಡಿದ್ರೆ ಆರುನೂರು ಬಾಕಿ ಅಂತಿದಾರೆ. ಮೋಸ ಅಲ್ವಾ?

ಮೋಸ ಅಲ್ಲ, ಆದ್ರೆ ಅರ್ಥ ಆಗದೇ ಇರೋ ಹಾಗೆ ಮಾಡಿರೋದಂತೂ ಹೌದು. ಇದೊಂದು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ತಿಳಿಯುತ್ತೆ, ಸ್ವಲ್ಪ ನಿಧಾನಕ್ಕೆ ಓದಿ.

ಫೋನ್ ಬೆಲೆ 1,000 ಡಾಲರ್ ಅಂತ ಇಟ್ಕೊಳ್ಳಿ. 36 ತಿಂಗಳ ಕಂತು, ಅಂದ್ರೆ ತಿಂಗಳಿಗೆ 27.78. ನೀವು ಹಳೇ ಫೋನ್ ಟ್ರೇಡ್-ಇನ್ ಕೊಟ್ಟಿದ್ದಕ್ಕೆ "800 ಡಾಲರ್ ಆಫ್" ಅಂದ್ರು. ಆ 800ನ ಅವರು ಒಂದೇ ಸಲ ಬೆಲೆಯಲ್ಲಿ ಕಳೆಯಲ್ಲ, 36 ತುಂಡು ಮಾಡಿ ಪ್ರತಿ ತಿಂಗಳು 22.22 ಅಂತ ಬಿಲ್ಲಲ್ಲಿ ಕ್ರೆಡಿಟ್ ಕೊಡ್ತಾರೆ. ನಿಮ್ಮ ಕೈಯಿಂದ ಹೋಗೋದು 5.56 ಮಾತ್ರ, ಹಾಗಾಗಿ ಫೋನು ಪುಕ್ಕಟೆ ಅಂತ ಅನ್ಸುತ್ತೆ. ಆದ್ರೆ ಸಾಲ ಇರೋದು ಸಾವಿರದ್ದೇ.

ಈಗ 14 ತಿಂಗಳಾಗಿದೆ, ಇನ್ನು 22 ಕಂತು ಬಾಕಿ. ಸಾಲದ ಬಾಕಿ 611. ನಿಮಗೆ ಇನ್ನೂ ಬರ್ಬೇಕಿರೋ ಕ್ರೆಡಿಟ್ 489. ಸುಮ್ನೆ ಕಟ್ಕೊಂಡು ಹೋದ್ರೆ ನಿಮ್ಮ ಜೇಬಿಂದ ಹೋಗೋದು ಬರೀ 122. ಈಗ್ಲೇ ಅಪ್‌ಗ್ರೇಡ್ ಬೇಕು ಅಂತ ಹಠ ಮಾಡಿ ಪೂರ್ತಿ ತೀರಿಸಿದ್ರೆ 611 ಕಟ್ಟಬೇಕು, ಜೊತೆಗೆ ಆ ಕ್ರೆಡಿಟ್ಟೂ ನಿಂತುಹೋಗ್ಬೋದು. ಎಟಿ ಅಂಡ್ ಟಿ ಆಫರ್‌ಗಳ ಷರತ್ತಲ್ಲಿ ಇದನ್ನ ಬರೆದೇ ಇರ್ತಾರೆ, ಬೇಗ ತೀರಿಸಿದ್ರೆ ಅಥ್ವಾ ಬೇಗ ಅಪ್‌ಗ್ರೇಡ್ ಮಾಡಿದ್ರೆ ಕ್ರೆಡಿಟ್ ನಿಲ್ಲಬಹುದು ಅಂತ. ಬೇರೆ ಕಂಪನಿಗಳಲ್ಲಿ ಆಫರ್ ಮೇಲೆ ಹೋಗುತ್ತೆ, ಒಂದಕ್ಕೆ ಒಂದು ಥರ. ಹಾಗಾಗಿ "ಅಪ್‌ಗ್ರೇಡ್ ಕೊಡ್ತೀರಾ" ಅನ್ನೋದಕ್ಕಿಂತ ಮುಂಚೆ ಕೇಳ್ಬೇಕಿರೋದು "ನನ್ ಕ್ರೆಡಿಟ್ ಇನ್ನೆಷ್ಟು ಬಾಕಿ ಇದೆ, ಅಪ್‌ಗ್ರೇಡ್ ಮಾಡಿದ್ರೆ ಅದರ ಕಥೆ ಏನು" ಅಂತ. ನನ್ನ ಹತ್ರ ಬಂದ ಹತ್ತು ಜನದಲ್ಲಿ ಎಂಟು ಜನ ಈ ಪ್ರಶ್ನೆ ಕೇಳೇ ಇರ್ಲಿಲ್ಲ.

ಅರ್ಧ ಕಟ್ಟಿದ್ರೆ ಸಾಕು, ಫೋನ್ ವಾಪಸ್ ಕೊಟ್ಟು ಹೊಸದು ತಗೋಬೋದು ಅಂತಾರಲ್ಲ?

ಹೌದು, ಆ ಥರದ್ದೂ ಇದೆ, ಆದ್ರೆ ಎಲ್ಲರಿಗೂ ಅಲ್ಲ. ಎಟಿ ಅಂಡ್ ಟಿಯಲ್ಲಿ ನೆಕ್ಸ್ಟ್ ಅಪ್ ಅಂತ ತಿಂಗಳಾ ತಿಂಗಳಾ ಐದಾರು ಡಾಲರ್ ಎಕ್ಸ್‌ಟ್ರಾ ಕಟ್ಟೋ ಸ್ಕೀಮು ಇತ್ತು, ಅರ್ಧ ತೀರಿದ ಮೇಲೆ ಫೋನ್ ಸರಿಯಾದ ಸ್ಥಿತೀಲಿ ವಾಪಸ್ ಕೊಟ್ರೆ ಮಿಕ್ಕಿದ್ದು ಮನ್ನಾ ಆಗ್ತಿತ್ತು. ಆಮೇಲೆ ತಿಂಗಳಿಗೆ ಹತ್ತು ಡಾಲರಿಂದು ಇನ್ನೊಂದು ಬಂತು, ಅದ್ರಲ್ಲಿ ಮೂರನೇ ಒಂದು ಭಾಗ ಕಟ್ಟಿದ್ರೆ ಸಾಕು. ಇವಕ್ಕೆ ಫೋನ್ ತಗೊಳ್ವಾಗ್ಲೇ ಸೇರ್ಕೊಂಡಿರ್ಬೇಕು, ಹೊಸ ಮಾಡೆಲ್ ಬಂದ ಮೇಲೆ ನೆನಪಾದ್ರೆ ಪ್ರಯೋಜನ ಇಲ್ಲ. ಟಿ-ಮೊಬೈಲ್‌ನಲ್ಲಿ 2023ರಲ್ಲಿ ಬಂದ ಗೋ5ಜಿ ನೆಕ್ಸ್ಟ್ ಥರದ ದುಬಾರಿ ಪ್ಲಾನುಗಳಲ್ಲಿ ಅರ್ಧ ತೀರಿದ್ರೆ ವರ್ಷಕ್ಕೊಂದು ಅಪ್‌ಗ್ರೇಡ್ ಸೌಲಭ್ಯ ಸೇರಿರುತ್ತೆ. ವೆರೈಜನ್‌ನಲ್ಲಿ 2022ರಿಂದ ಕಂತು 36 ತಿಂಗಳಾಗಿದೆ, ಸಾಮಾನ್ಯವಾಗಿ ಬಾಕಿ ತೀರಿಸಿ ಮುಂದಕ್ಕೆ ಹೋಗಿ ಅಂತಾರೆ. ನಿಮ್ಮ ಲೈನಿಗೆ ಬೇರೆ ಏನಾದ್ರೂ ಇದ್ರೆ ಆ್ಯಪ್‌ನಲ್ಲೇ ಕಾಣುತ್ತೆ.

ಮೇಲಿನ ಲೆಕ್ಕಾನೇ ಇಲ್ಲಿ ಹಾಕಿ ನೋಡಿ ಮಜಾ ಇದೆ. 14 ತಿಂಗಳಲ್ಲಿ 389 ತೀರಿದೆ, 500 ಮುಟ್ಟೋಕೆ ಇನ್ನು 111 ಕಟ್ಟಿ ಫೋನ್ ವಾಪಸ್ ಕೊಡ್ಬೇಕು. ಅದೇ 122 ನಿಧಾನಕ್ಕೆ ಕಟ್ಕೊಂಡು ಹೋಗಿದ್ರೆ ಫೋನು ಶಾಶ್ವತವಾಗಿ ನಿಮ್ದು! ಹನ್ನೊಂದು ಡಾಲರ್ ವ್ಯತ್ಯಾಸಕ್ಕೆ ಒಂದು ಫೋನೇ ಬಿಟ್ಟುಕೊಟ್ಟ ಹಾಗಾಯ್ತು. ದೊಡ್ಡ ಪ್ರಮೋಷನ್ ಮೇಲೆ ತಗೊಂಡಿರೋರಿಗೆ ಈ ಅರ್ಧದ ಸ್ಕೀಮು ಸುತಾರಾಂ ಹೊಂದಲ್ಲ. ಪ್ರಮೋಷನ್ ಇಲ್ಲದೆ ಪೂರ್ತಿ ಬೆಲೆಗೆ ತಗೊಂಡಿರೋರಿಗೆ ಪರ್ವಾಗಿಲ್ಲ.

ಸರಿ, ಆದ್ರೂ ಫೋನ್ ಮಾಡಿ ಕೇಳ್ತೀನಿ. ಯಾರನ್ನ ಕೇಳ್ಲಿ, ಹೇಗೆ ಕೇಳ್ಲಿ?

ಕೇಳೋದ್ರಲ್ಲಿ ತಪ್ಪಿಲ್ಲ, ಬಾಯಿದ್ದೋನು ಬರಗಾಲದಲ್ಲೂ ಬದುಕ್ದ. 611 ಅನ್ನೋ ಕಸ್ಟಮರ್ ಕೇರ್ ನಂಬರಿಗೆ (ಮೇಲಿನ ಬಾಕಿ ಲೆಕ್ಕದ 611 ಅಲ್ಲ) ಹೊಡೆದ್ರೆ ಮೊದಲು ಸಿಗೋದು ಸಾಮಾನ್ಯ ಕಸ್ಟಮರ್ ಕೇರ್, ಅವರಿಗೆ ಪರದೆ ಮೇಲೆ ಏನು ಕಾಣುತ್ತೋ ಅಷ್ಟೇ. ನಿಮಗೆ ಬೇಕಿರೋದು ಲಾಯಲ್ಟಿ ಡಿಪಾರ್ಟ್‌ಮೆಂಟು, ಅಂದ್ರೆ ಬಿಟ್ಟುಹೋಗೋ ಗಿರಾಕೀನ ಹಿಡಿದಿಟ್ಕೊಳ್ಳೋ ತಂಡ. ಮೆಷಿನ್ "ಏನು ವಿಷ್ಯ" ಅಂತ ಕೇಳಿದಾಗ ಸರ್ವೀಸ್ ಕ್ಯಾನ್ಸಲ್ ಮಾಡ್ಬೇಕು ಅಂದ್ರೆ ಬಹಳ ಸಲ ನೇರ ಅಲ್ಲಿಗೇ ಹೋಗುತ್ತೆ. ಆದ್ರೆ ಹೆದರಿಸೋಕೆ ಹೋಗಿ ನಿಜವಾಗ್ಲೂ ಕ್ಯಾನ್ಸಲ್ ಮಾಡಿಸ್ಕೊಂಡ್ರೆ ಪೂರ್ತಿ ಬಾಕಿ ಮುಂದಿನ ಬಿಲ್ಲಲ್ಲೇ ಬಂದು ಕೂರುತ್ತೆ, ಹುಷಾರು.

ಫೋನ್ ಮಾಡೋ ಮುಂಚೆ ಒಂದು ಚೀಟೀಲಿ ಬರ್ಕೊಳ್ಳಿ: ಎಷ್ಟು ವರ್ಷದಿಂದ ಗಿರಾಕಿ, ಎಷ್ಟು ಲೈನು, ತಿಂಗಳ ಬಿಲ್ಲು ಎಷ್ಟು, ಬಾಕಿ ಎಷ್ಟು, ಕ್ರೆಡಿಟ್ ಎಷ್ಟು, ಪಕ್ಕದ ಕಂಪನಿ ಈಗ ಹೊಸಬರಿಗೆ ಏನ್ ಆಫರ್ ಕೊಡ್ತಿದೆ. ಆಮೇಲೆ ಸಮಾಧಾನವಾಗಿ, "ನಾನು ಎಂಟು ವರ್ಷದಿಂದ ಇದೀನಿ, ಒಂದು ಬಿಲ್ಲೂ ಲೇಟಾಗಿಲ್ಲ, ಎದುರು ಕಂಪನಿ ನನ್ ಬಾಕಿ ತೀರಿಸಿ ಕರ್ಕೊಳ್ತೀನಿ ಅಂತಿದೆ, ನನಗೆ ಹೋಗೋಕೆ ಇಷ್ಟ ಇಲ್ಲ, ನೀವು ಏನ್ ಮಾಡ್ಬೋದು" ಅಂತ ಕೇಳಿ ಸುಮ್ಮನಾಗಿ. ಆ ಸುಮ್ಮನಾಗೋದೇ ಮುಖ್ಯ, ನಮ್ಮೋರಿಗೆ ಅದೇ ಕಷ್ಟ, ಅವರು ಯೋಚ್ನೆ ಮಾಡೋಷ್ಟರಲ್ಲಿ "ಇಲ್ಲಾಂದ್ರೆ ಪರ್ವಾಗಿಲ್ಲ" ಅಂತ ನಾವೇ ಅಂದುಬಿಡ್ತೀವಿ.

ಬಾಕಿ ಮನ್ನಾ ಮಾಡಿ ಅಂತ ಮಾತ್ರ ಕೇಳ್ಬೇಡಿ, ಅದು ಆಗಲ್ಲ. ಕೇಳಿದ್ರೆ ಸಿಗಬಹುದಾದ್ದು ಬೇರೆ: ಅಪ್‌ಗ್ರೇಡ್ ಫೀ ಬಿಡೋದು, ಅಕೌಂಟಿಗೆ ಐವತ್ತು ನೂರು ಕ್ರೆಡಿಟ್ ಹಾಕೋದು, ಹೊಸ ಗಿರಾಕಿಗೆ ಕೊಡೋ ಟ್ರೇಡ್-ಇನ್ ರೇಟನ್ನ ನಿಮಗೂ ಕೊಡೋದು. ನಿಮ್ಮ ಅಕೌಂಟಲ್ಲಿ ಕಂತೆಲ್ಲಾ ತೀರಿರೋ ಇನ್ನೊಂದು ಲೈನ್ ಇದ್ರೆ ಅದರ ಮೇಲೆ ಫೋನ್ ತಗೊಂಡು ಮನೇಲಿ ಸಿಮ್ ಅದಲು ಬದಲು ಮಾಡ್ಕೊಳ್ಳೋದು ಇನ್ನೊಂದು ಉಪಾಯ, ಸುಮಾರು ಮನೆಗಳಲ್ಲಿ ಅಮ್ಮನ ಲೈನ್ ಮೇಲೆ ಮಗನ ಫೋನ್ ಬರೋದು ಹೀಗೇನೆ. ಆದ್ರೆ ಕೆಲವು ಆಫರ್‌ಗಳು ಆ ಫೋನ್ ಅದೇ ಲೈನಲ್ಲೇ ಇರ್ಬೇಕು ಅಂತ ಹೇಳ್ತವೆ, ಮಾಡೋ ಮುಂಚೆ ಷರತ್ತು ಓದ್ಕೊಳ್ಳಿ.

ಆದಷ್ಟೂ ಚಾಟ್‌ನಲ್ಲೇ ಕೇಳಿ. ಬರವಣಿಗೇಲಿ ಇರುತ್ತೆ, ಸ್ಕ್ರೀನ್‌ಶಾಟ್ ತೆಗೆದಿಟ್ಕೋಬೋದು, ಅಮೆರಿಕನ್ ಉಚ್ಚಾರಣೆ ಹಿಡಿಯೋ ತಾಪತ್ರಯನೂ ಇಲ್ಲ.

ಅಂಗಡಿಗೇ ಹೋದ್ರೆ ಬೇಗ ಆಗಲ್ವಾ?

ಬೇಗ ಆಗುತ್ತೆ, ಅದೇ ಸಮಸ್ಯೆ. ನನಗೆ ಆದ ಕಥೆ ಹೇಳ್ತೀನಿ, ಕಂಪನಿ ಹೆಸ್ರು ಬೇಡ. ಕೌಂಟರಲ್ಲಿದ್ದ ಹುಡುಗ "ಹಳೇ ಕ್ರೆಡಿಟ್ ಎಲ್ಲಾ ಹಾಗೇ ಮುಂದುವರಿಯುತ್ತೆ ಸಾರ್" ಅಂದ, ನಾನೂ ನಂಬಿ ಬಾಕಿ ತೀರಿಸಿ ಹೊಸದು ತಗೊಂಡು ಬಂದೆ. ಎರಡನೇ ಬಿಲ್ಲಿಂದ ಕ್ರೆಡಿಟ್ ಮಾಯ. ವಾಪಸ್ ಹೋದ್ರೆ ಆ ಹುಡುಗ ಕೆಲಸ ಬಿಟ್ಟಿದ್ದ, ಮ್ಯಾನೇಜರ್ "ಅವನು ಏನ್ ಹೇಳಿದ್ನೋ ನಮಗೆ ಗೊತ್ತಿಲ್ಲ" ಅಂದ್ರು. ಮೂರು ಫೋನ್ ಕಾಲ್, ಎರಡು ಗಂಟೆ ಹೋಲ್ಡ್ ಮ್ಯೂಸಿಕ್, ಕೊನೆಗೆ ಅರವತ್ತು ಡಾಲರ್ ಸಮಾಧಾನಕರ ಬಹುಮಾನ.

ಕಂಪನಿ ಬೋರ್ಡ್ ಹಾಕ್ಕೊಂಡಿರೋ ಸುಮಾರು ಅಂಗಡಿಗಳು ಕಂಪನೀದೇ ಅಲ್ಲ, ಫ್ರಾಂಚೈಸಿ ಥರದವು, ಅವರಿಗೆ ಕಮಿಷನ್ ಬರೋದು ಕೇಸು, ಚಾರ್ಜರು, ಇನ್ಶೂರೆನ್ಸು, ಟ್ಯಾಬ್ಲೆಟ್ ಲೈನು ಅಂಟಿಸಿದ್ರೆ. ಟ್ಯಾಬ್ಲೆಟ್ ಫ್ರೀ ಅಂದ್ರೆ ಎದ್ದು ಬನ್ನಿ.

ಟ್ಯಾಕ್ಸು, ಫೀ ಅಂತ ಕೈಯಿಂದ ಎಷ್ಟು ಹೋಗುತ್ತೆ?

ಫೋನ್ "ಫ್ರೀ" ಆದ್ರೂ ಸೇಲ್ಸ್ ಟ್ಯಾಕ್ಸ್ ಸಾಮಾನ್ಯವಾಗಿ ಪೂರ್ತಿ ಬೆಲೆ ಮೇಲೆ, ಅವತ್ತೇ ಕಟ್ಬೇಕು. ಡಲ್ಲಾಸ್ ಕಡೆ 8.25 ಪರ್ಸೆಂಟ್, ಸಾವಿರಕ್ಕೆ 82.50. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಡೆ ಒಂಬತ್ತು ದಾಟುತ್ತೆ, ಆರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ, ಪುಣ್ಯವಂತರು. ಇದರ ಮೇಲೆ ಅಪ್‌ಗ್ರೇಡ್ ಫೀ ಅಂತ 35 ಡಾಲರೋ ಜಾಸ್ತಿನೋ. ವರ್ಷಾ ವರ್ಷಾ ಅಪ್‌ಗ್ರೇಡ್ ಮಾಡೋರು ವರ್ಷಾ ವರ್ಷಾ ಇದನ್ನೂ ಕಟ್ತಾರೆ, ಜಾಹೀರಾತಲ್ಲಿ ಇದು ಬರಲ್ಲ.

ನಮ್ ಫ್ಯಾಮಿಲಿ ಪ್ಲಾನ್ ಫ್ರೆಂಡ್ ಹೆಸರಲ್ಲಿದೆ, ನಾನೇ ಕೇಳ್ಬೋದಾ?

ಇದು ಅಪ್ಪಟ ನಮ್ಮೋರ ಪ್ರಶ್ನೆ. ಎಂಎಸ್ ಮಾಡೋಕೆ ಬಂದಾಗ ಐದು ಜನ ರೂಮ್‌ಮೇಟ್‌ಗಳು ಸೇರಿ ಒಬ್ಬನ ಹೆಸರಲ್ಲಿ ಫ್ಯಾಮಿಲಿ ಪ್ಲಾನ್ ಮಾಡಿರ್ತಾರೆ, ಆಮೇಲೆ ಒಬ್ಬ ಸಿಯಾಟಲ್, ಒಬ್ಬ ನ್ಯೂಜೆರ್ಸಿ, ಎಲ್ಲರಿಗೂ ಮದ್ವೆ ಆಗಿ ಮಕ್ಕಳಾದ್ರೂ ಪ್ಲಾನ್ ಮಾತ್ರ ಹಾಗೇ ಇರುತ್ತೆ, ತಿಂಗಳಾ ತಿಂಗಳಾ ಅವನಿಗೆ ದುಡ್ಡು ಕಳಿಸ್ತಿರ್ತಾರೆ. ಸಾಲ ಇರೋದು ಅಕೌಂಟ್ ಹೋಲ್ಡರ್ ಹೆಸರಲ್ಲಿ, ಅಪ್‌ಗ್ರೇಡ್ ಕೇಳೋ ಹಕ್ಕೂ ಅವನದೇ, ಅಥ್ವಾ ಅವನು ಅಧಿಕಾರ ಕೊಟ್ಟವರದು. ನೀವು ಕಂತು ಕಟ್ಟದೇ ಹೋದ್ರೆ ಕ್ರೆಡಿಟ್ ಸ್ಕೋರ್ ಹಾಳಾಗೋದೂ ಅವನದೇ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಆಗೋದು ಬೇಡ ಅಂದ್ರೆ ಅಪ್‌ಗ್ರೇಡ್ ಮುಂಚೆ ಬಾಯಿಬಿಟ್ಟು ಮಾತಾಡ್ಕೊಳ್ಳಿ.

ಲೈನ್ ನಿಮ್ಮ ಹೆಸರಿಗೆ ಮಾಡ್ಕೊಳ್ಳೋಕೂ ದಾರಿ ಇದೆ, ಮೂರೂ ಕಂಪನೀಲಿ ಬಿಲ್ಲಿನ ಜವಾಬ್ದಾರಿ ವರ್ಗಾವಣೆ ಮಾಡ್ತಾರೆ. ನಿಮ್ಮ ಕ್ರೆಡಿಟ್ ಸ್ಕೋರ್ ಚೆಕ್ ಆಗುತ್ತೆ. ಆದ್ರೆ ವರ್ಗಾವಣೆಯಲ್ಲಿ ಹಳೇ ಪ್ರಮೋಷನ್ ಉಳಿಯುತ್ತಾ ಅಂತ ಮೊದಲೇ ಕೇಳಿ. ಆ ಫ್ರೆಂಡು ವೀಸಾ ಮುಗಿದು ಬೆಂಗಳೂರಿಗೆ ವಾಪಸ್ ಹೋಗೋ ಪ್ಲಾನಲ್ಲಿದ್ರೆ ಅವನು ವಿಮಾನ ಹತ್ತೋ ಮುಂಚೆ ಈ ಕೆಲಸ ಮುಗಿಸ್ಕೊಳ್ಳಿ, ಆಮೇಲೆ ಅವನ ಫೋನಿಗೆ ಬರೋ ಒಟಿಪಿಗೆ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ಬೇಕಾಗುತ್ತೆ.

ಹೊಸದಾಗಿ ಬಂದಿದೀನಿ, ಕ್ರೆಡಿಟ್ ಹಿಸ್ಟರಿ (ಇಲ್ಲಿ ಸಾಲ ತಗೊಂಡು ತೀರಿಸಿದ ದಾಖಲೆ) ಇಲ್ಲ.

ಹಾಗಿದ್ರೆ ಅಪ್‌ಗ್ರೇಡ್ ಮಾತು ಸದ್ಯಕ್ಕೆ ಬಿಡಿ. ಊರಿಂದ ತಂದ ಫೋನಲ್ಲೇ ಮಿಂಟ್ ಮೊಬೈಲ್ ಥರದ ಪ್ರೀಪೇಯ್ಡ್ ಸಿಮ್ ಹಾಕ್ಕೊಂಡು ಆರು ತಿಂಗಳು ತಳ್ಳಿ.

ಸ್ಕ್ರೀನ್ ಒಡೆದುಹೋಗಿದೆ, ಇದನ್ನೇ ನೆಪ ಮಾಡ್ಕೊಂಡು ಅಪ್‌ಗ್ರೇಡ್ ಕೇಳ್ಲಾ?

ಕೇಳಿದ್ರೆ ಇನ್ಶೂರೆನ್ಸ್ ಕಡೆ ಕಳಿಸ್ತಾರೆ. ಅಲ್ಲಿ ಡಿಡಕ್ಟಿಬಲ್ (ನಿಮ್ಮ ಪಾಲಿನ ದುಡ್ಡು) ಕಟ್ಟಿದ್ರೆ ಸ್ಕ್ರೀನ್ ರಿಪೇರಿ ಆಗುತ್ತೆ, ಇಲ್ಲಾಂದ್ರೆ ಅದೇ ಮಾಡೆಲ್ಲಿನ ರಿಪೇರಿ ಮಾಡಿದ ಫೋನ್ ಬರುತ್ತೆ, ಹೊಸ ಮಾಡೆಲ್ ಬರಲ್ಲ, ಕಂತೂ ನಿಲ್ಲಲ್ಲ. ಆದ್ರೆ ಒಂದು ವಿಷ್ಯ, ಹಬ್ಬದ ಸೀಸನ್‌ನಲ್ಲಿ "ಯಾವ ಸ್ಥಿತೀಲಿದ್ರೂ ಟ್ರೇಡ್-ಇನ್ ತಗೋತೀವಿ" ಅಂತ ಆಫರ್ ಬಿಡ್ತಾರೆ, ಒಡೆದ ಗಾಜಿಗೂ ಒಳ್ಳೇ ರೇಟು. ಕಂತು ಮುಗಿಯೋಕೆ ಎರಡು ಮೂರು ತಿಂಗಳಿದ್ರೆ ಅಲ್ಲೀವರೆಗೂ ಟೇಪ್ ಹಚ್ಕೊಂಡು ಕಾಯ್ರಿ.

ಟ್ರೇಡ್-ಇನ್ ಕಳಿಸ್ವಾಗ *#06# ಒತ್ತಿ ಐಎಂಇಐ ನಂಬರ್ (ಫೋನಿನ ಗುರುತಿನ ನಂಬರ್) ಬರ್ಕೊಳ್ಳಿ, ನಾಲ್ಕೂ ಕಡೆ ಫೋಟೋ, ಡಬ್ಬಕ್ಕೆ ಹಾಕೋದರ ವಿಡಿಯೋ, ಟ್ರ್ಯಾಕಿಂಗ್ ನಂಬರ್, ಎಲ್ಲಾ ಇಟ್ಕೊಳ್ಳಿ. ಐಫೋನ್ ಆದ್ರೆ ಫೈಂಡ್ ಮೈ (ಕಳೆದ ಫೋನ್ ಹುಡುಕೋ ಸೌಲಭ್ಯ) ಆಫ್ ಮಾಡೋದು ಮರೀಬೇಡಿ, ಅದು ಆನ್ ಇದ್ರೆ ಫೋನ್ ಕಲ್ಲಿಗೆ ಸಮ.

ಹಳೇ ಫೋನನ್ನ ಊರಲ್ಲಿ ಅಪ್ಪ ಅಮ್ಮಂಗೆ ಕೊಡ್ಬೋದಾ?

ಬಾಕಿ ಇರೋವರೆಗೂ ಫೋನ್ ಸಾಮಾನ್ಯವಾಗಿ ಆ ಕಂಪನಿಗೇ ಲಾಕ್ ಆಗಿರುತ್ತೆ, ಜಿಯೋ ಏರ್‌ಟೆಲ್ ಯಾವುದೂ ಓಡಲ್ಲ. ಎಟಿ ಅಂಡ್ ಟಿಯಲ್ಲಿ ಪೂರ್ತಿ ತೀರಿರ್ಬೇಕು, 60 ದಿನ ಬಳಸಿರ್ಬೇಕು. ಟಿ-ಮೊಬೈಲ್‌ನಲ್ಲಿ ಪೂರ್ತಿ ತೀರಿರ್ಬೇಕು, 40 ದಿನ ಬಳಸಿರ್ಬೇಕು. ಟಿಕೆಟ್ ಬುಕ್ ಆದ ತಕ್ಷಣ ಅನ್‌ಲಾಕ್ ಕೆಲಸ ಶುರು ಮಾಡಿ, ಸೂಟ್‌ಕೇಸ್ ಕಟ್ಟೋ ದಿನ ಅಲ್ಲ.

ಇನ್ನೊಂದು ಬಲೆ ಇದೆ. 2022ರ ಐಫೋನ್ 14ರಿಂದ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಹಾಕೋ ಜಾಗಾನೇ ಇಲ್ಲ, ಬರೀ ಇ-ಸಿಮ್. ಜಿಯೋ, ಏರ್‌ಟೆಲ್, ವಿಐ ಇ-ಸಿಮ್ ಕೊಡ್ತವೆ ಸರಿ, ಆದ್ರೆ ನಿಮ್ಮ ಅಪ್ಪ ಫೋನ್ ಕೆಟ್ಟಾಗ ಸಿಮ್ ತೆಗೆದು ಹಳೇ ಡಬ್ಬಾ ಫೋನಿಗೆ ಹಾಕ್ಕೊಳ್ಳೋ ಅಭ್ಯಾಸದವರಾದ್ರೆ ಪಜೀತಿ. ಅವರ ಬ್ಯಾಂಕು, ಗ್ಯಾಸು, ಎಲ್ಲದರ ಒಟಿಪಿ ಅದೇ ನಂಬರಿಗೆ ಬರೋದು ತಾನೆ.

"ನಿಮಗೆ ಅರ್ಲಿ ಅಪ್‌ಗ್ರೇಡ್ ಮಂಜೂರಾಗಿದೆ" ಅಂತ ಅವರೇ ಫೋನ್ ಮಾಡಿದ್ರು?

ಇಟ್ಬಿಡಿ. ಇದು ಈಗ ದೊಡ್ಡ ದಂಧೆ. ಅರ್ಧ ರೇಟಿಗೆ ಫೋನ್ ಅಂತಾರೆ, ಪರಿಶೀಲನೆಗೆ ಅಂತ ನಿಮ್ಮ ಫೋನಿಗೆ ಬಂದ ಕೋಡ್ ಕೇಳ್ತಾರೆ, ಆ ಕೋಡಲ್ಲಿ ನಿಮ್ಮ ಅಕೌಂಟಿಗೆ ನುಗ್ಗಿ ನಿಮ್ಮ ಹೆಸರಲ್ಲೇ ಐಫೋನ್ ಆರ್ಡರ್ ಮಾಡ್ತಾರೆ. ಡಬ್ಬ ನಿಮ್ಮ ಮನೆಗೇ ಬರುತ್ತೆ, ಆಮೇಲೆ ಮತ್ತೆ ಫೋನು, "ತಪ್ಪು ಮಾಡೆಲ್ ಬಂದಿದೆ, ಈ ಅಡ್ರೆಸ್ಸಿಗೆ ವಾಪಸ್ ಕಳಿಸಿ" ಅಂತ. ನೀವು ಕಳಿಸಿದ್ರೆ ಫೋನ್ ಅವರದು, 36 ಕಂತು ನಿಮ್ದು. ಫೋನಲ್ಲಿ ಹಿಂದಿ ತೆಲುಗು ಮಾತಾಡಿದ್ರು ಅಂತ ನಮ್ಮೋರೇ ಅಂದ್ಕೋಬೇಡಿ. ಅನುಮಾನ ಇದ್ರೆ ಕಟ್ ಮಾಡಿ ನೀವೇ 611ಕ್ಕೆ ಮಾಡಿ ಕೇಳಿ.

ಮಾತು ಕೊಟ್ಟು ಕೈಕೊಟ್ರೆ ಎಲ್ಲಿ ದೂರು?

ಮೊದಲು ವಾಪಸ್ ಮಾಡೋ ಅವಧಿ ಒಳಗೆ ಇದೀರಾ ನೋಡಿ, ಎಟಿ ಅಂಡ್ ಟಿಯಲ್ಲಿ 14 ದಿನ. ಅಷ್ಟರೊಳಗಾದ್ರೆ ವಾಪಸ್ ತಗೊಳ್ಳೋಕೆ ಅವರು ಹಾಕೋ ರೀಸ್ಟಾಕಿಂಗ್ ಫೀ ಕೊಟ್ಟಾದ್ರೂ ವಾಪಸ್ ಮಾಡಿ ಕೈ ತೊಳ್ಕೊಳ್ಳಿ. ದಾಟಿದ್ರೆ ಎಫ್‌ಸಿಸಿ (ಫೋನ್ ಕಂಪನಿಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ) ವೆಬ್‌ಸೈಟಲ್ಲಿ ಒಂದು ಸಾದಾ ದೂರು ಹಾಕಿ, ದುಡ್ಡೇನೂ ಇಲ್ಲ, ಹತ್ತು ನಿಮಿಷದ ಕೆಲಸ. ಕಂಪನಿ 30 ದಿನದೊಳಗೆ ಉತ್ರ ಕೊಡ್ಲೇಬೇಕು, ಮತ್ತೆ ಉತ್ರ ಕೊಡೋದು ಕಾಲ್ ಸೆಂಟರ್ ಅಲ್ಲ, ಮೇಲಿನ ಆಫೀಸು. ಕೋಪದ ಕಥೆ ಬರೀಬೇಡಿ, ತಾರೀಖು, ಯಾರು ಏನಂದ್ರು, ಎಷ್ಟು ದುಡ್ಡು, ಚಾಟ್ ಸ್ಕ್ರೀನ್‌ಶಾಟು, ಅಷ್ಟು ಸಾಕು. ನಾನು ಅವತ್ತು ಮೂರು ಕಾಲ್ ಮಾಡೋ ಬದಲು ಇದನ್ನ ಮಾಡ್ಬೇಕಿತ್ತು.

ಕಂಪನಿ ಸಹವಾಸನೇ ಬೇಡ, ಆ್ಯಪಲ್ಲಿಂದಲೇ ತಗೊಂಡ್ರೆ?

2015ರಿಂದ ಆ್ಯಪಲ್‌ದೇ ಐಫೋನ್ ಅಪ್‌ಗ್ರೇಡ್ ಪ್ರೋಗ್ರಾಂ ಅಂತ ಇದೆ. 24 ತಿಂಗಳ ಬಡ್ಡಿ ಇಲ್ಲದ ಸಾಲ, ಇನ್ಶೂರೆನ್ಸ್ ಥರದ ಆ್ಯಪಲ್ ಕೇರ್ ಸೇರಿರುತ್ತೆ, 12 ಕಂತಿನಷ್ಟು ಕಟ್ಟಿದ ಮೇಲೆ ಹಳೇದು ಕೊಟ್ಟು ಹೊಸದು ತಗೋಬೋದು. ಫೋನ್ ಅನ್‌ಲಾಕ್ ಆಗೇ ಬರುತ್ತೆ. ಕಂಪನಿಗಳ ದೊಡ್ಡ ಟ್ರೇಡ್-ಇನ್ ಆಫರ್ ಇಲ್ಲಿ ಸಿಗಲ್ಲ. ವರ್ಷಾ ವರ್ಷಾ ಬದಲಾಯಿಸ್ಲೇಬೇಕು ಅನ್ನೋ ಚಟ ಇದ್ದೋರಿಗೆ ಇದೇ ನೇರವಾದ ದಾರಿ ಅಂತ ನನ್ನ ಅಭಿಪ್ರಾಯ, ಯಾರನ್ನೂ ಗೋಗರೆಯೋ ಅಗತ್ಯ ಇಲ್ಲ.

ಇಷ್ಟೆಲ್ಲಾ ಹೇಳ್ತೀರಲ್ಲ, ನಿಮ್ ಹತ್ರ ಯಾವ ಫೋನಿದೆ?

ಐಫೋನ್ 13. ಆ್ಯಪಲ್ ಸ್ಟೋರಲ್ಲಿ 89 ಡಾಲರ್ ಕೊಟ್ಟು ಬ್ಯಾಟರಿ ಹಾಕ್ಸಿದೀನಿ. ಸಿಮ್ ಟ್ರೇ ಇದೆ, ಅಮ್ಮ ಈಗ್ಲೇ ಬುಕ್ ಮಾಡಿಟ್ಟಿದಾರೆ.